ನಾದಿನಿ ಕೊರೆದ ಗಾಳಿಕಿಂಡಿ

ಕಾರಿನ ತಗಡು ಬಡಿಯುವುದು ನನ್ನ ನಾದಿನಿಗೆ ಅಪ್ಪನಿಂದ ಬಂದ ಕಸುಬು. ಅವಳಣ್ಣ, ಅಂದರೆ ನಮ್ಮವರು, ಆ ಸುತ್ತಿಗೆ ಮುಟ್ಟದೆ ಗುಮಾಸ್ತರಾದರು. ಇವಳು ಹದಿನಾರಕ್ಕೇ ಶೆಡ್ಡಿಗೆ ಇಳಿದಳು. ನಜ್ಜುಗುಜ್ಜಾದ ಬಾಗಿಲನ್ನು ಅಂಗೈಯಲ್ಲಿ ಸವರಿ, ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ ಎಂದು ಕಣ್ಣು ಮುಚ್ಚಿಯೇ ಹೇಳುತ್ತಿದ್ದಳು.

ಒಂದು ಸಲ ಬಾಡಿಗೆ ಕಾರಿನ ಡ್ರೈವರ್ ಮುಖ ಸಪ್ಪಗೆ ಮಾಡಿಕೊಂಡು ಬಂದ. ಗುಡ್ಡದ ಮೇಲಿನ ಆಸ್ಪತ್ರೆಗೆ ರೋಗಿಗಳನ್ನು ಕರೆದೊಯ್ಯುವ ಕೆಲಸ ಅವನದು. ರೇಡಿಯೇಟರ್ ಹೊಸದು, ಫ್ಯಾನೂ ಸರಿಯಿತ್ತು. ಆದರೂ ಏರಿನಲ್ಲಿ ಎಂಜಿನ್ ಕುದಿಯುತ್ತಿತ್ತು. ಇನ್ನೊಂದು ಸಲ ದಾರಿಯಲ್ಲಿ ನಿಂತರೆ ಬೇರೆ ಕಾರು ನೋಡಿಕೊಳ್ಳುತ್ತೇವೆ ಎಂದಿದ್ದರಂತೆ ಆಸ್ಪತ್ರೆಯವರು.

“ಮುಂದಿಂದ ನುಗ್ಗಿದ ಗಾಳಿ ಬಿಸಿಯಾಗಿ ಒಳಗೇ ಕೂತಿದೆ. ಅದಕ್ಕೆ ಹೊರಗೆ ಹೋಗೋಕೆ ದಾರಿ ಬೇಕು,” ಎಂದವಳೇ ಬಾನೆಟ್ಟಿನ ಹಿಂತುದಿಯಲ್ಲಿ, ಗಾಜಿನ ಬುಡಕ್ಕೇ ಎರಡು ಕಿಂಡಿ ಕೊರೆದಳು. ನೋಡಲು ಬಲು ಚೆಂದ. ಓಡಿಸಿದರೆ ಎಂಜಿನ್ನಿನ ಬಿಸಿ ತೋರಿಸುವ ಸೂಜಿ ಮೊದಲಿಗಿಂತ ಮೇಲೆ!

“ಅಲಂಕಾರಕ್ಕೆ ಕೊರೆದೆಯೇನೇ?” ಎಂದು ಕೆಣಕಿದೆ.

“ಸುಮ್ನಿರಿ ಅತ್ತಿಗೆ, ಮೊದಲೇ ತಲೆ ಕೆಟ್ಟಿದೆ,” ಎಂದವಳ ಕಣ್ಣು ನನ್ನ ಕೈಯಲ್ಲಿದ್ದ ಹೆಣಿಗೆಯ ಮೇಲೆ ಬಿತ್ತು. ಅವಳಿಗೆಂದೇ ಹೆಣೆಯುತ್ತಿದ್ದ ಕೆಂಪು ಸ್ವೆಟರು. ಅದರ ಒಂದು ತೋಳನ್ನು ಬಿಚ್ಚಿ, ನೂಲನ್ನು ಬೆರಳುದ್ದ ಕತ್ತರಿಸಿದಳು. ಬಾನೆಟ್ಟಿನಲ್ಲಿ ಅಲ್ಲಲ್ಲಿ ಸಣ್ಣ ತೂತು ಕೊರೆದು, ಅವುಗಳ ಅಂಚಿಗೂ ಕಿಂಡಿಗಳ ಅಂಚಿಗೂ ಒಂದೊಂದು ಎಳೆ ಅಂಟಿಸಿದಳು.

“ಅಯ್ಯೋ, ಒಂದು ವಾರದ ಕೆಲಸ ಕಣೇ!”

“ನನ್ನ ತೋಳು ತಾನೇ? ಮುಂದಿನ ಸೀಟಲ್ಲಿ ಕೂತ್ಕೊಳ್ಳಿ. ಯಾವ ಎಳೆ ಎತ್ತ ಹೋಗುತ್ತೆ ಅಂತ ಕೂಗಿ, ನಾನು ಬರ್ಕೋತೀನಿ.”

ಡ್ರೈವರ್ ಕಾರು ಓಡಿಸಿದ. ಗಾಜಿನ ಬುಡದ ಎಳೆಗಳು ಕಿಂಡಿಯೊಳಕ್ಕೆ ತಲೆ ತೂರಿಸಿದವು. ರೇಡಿಯೇಟರಿನ ಹಿಂದಿನವು ಮಾತ್ರ ಮೇಲೆದ್ದು ಕುಣಿದವು. ನಾನು ಕೂಗಿದೆ, ಅವಳು ಹಣೆ ಚಚ್ಚಿಕೊಂಡಳು.

“ಗಾಜಿಗೆ ಬಡಿದ ಗಾಳಿ ಅಲ್ಲೇ ಗುಂಪುಗಟ್ಟಿ ಒಳಗೆ ತಳ್ತಿದೆ! ಮುಂದೆ, ಬಾನೆಟ್ ಬಾಗೋ ಕಡೆ, ಮೇಲಿನ ಗಾಳಿ ಸರ್ರನೆ ಓಡುತ್ತೆ. ಒಳಗಿನ ಬಿಸಿನೂ ಎಳ್ಕೊಂಡು ಹೋಗುತ್ತೆ.” ಆಮೇಲೆ ಡ್ರೈವರನಿಗೆ ನೇರವಾಗಿ ಹೇಳಿದಳು: “ತಪ್ಪು ನಂದೇ ಕಣಪ್ಪ. ಮತ್ತೆ ಮಾಡಿಕೊಡ್ತೀನಿ.”

ಹಳೆಯ ಕಿಂಡಿ, ತೂತುಗಳನ್ನೆಲ್ಲ ಮುಚ್ಚಿ, ಮುಂದೆ ಹೊಸ ಕಿಂಡಿಗಳನ್ನು ಕೊರೆದಳು. ಅವಕ್ಕೆ ಹಿಂದಕ್ಕೆ ಬಾಗಿದ ರೆಪ್ಪೆಯಂಥ ಪಟ್ಟಿ. ಮಳೆನೀರು ಎಂಜಿನ್ನಿಗೆ ಬೀಳದಂತೆ ಕೆಳಗೊಂದು ತಗಡು.

ಮರುದಿನ ಡ್ರೈವರ್ ಇಬ್ಬರು ರೋಗಿಗಳನ್ನು ಕೂರಿಸಿಕೊಂಡು ಗುಡ್ಡ ಹತ್ತಿದ. ಇಲ್ಲಿ ಇವಳ ಚಹಾ ತಣ್ಣಗಾಯಿತು. ಕೊನೆಗೂ ಫೋನು ಬಂತು.

“ಅಕ್ಕಾ, ಮೇಲೆ ತಲುಪಿದ್ವಿ! ಸೂಜಿ ಅರ್ಧ ದಾಟಲೇ ಇಲ್ಲ. ಇನ್ನೊಂದು, ಜೋರಾಗಿ ಹೋದ್ರೆ ಕಾರಿನ ಮೂತಿ ತೇಲಿದ ಹಾಗಾಗ್ತಿತ್ತಲ್ಲ, ಅದೂ ಕಮ್ಮಿ.”

“ಒಳಗೆ ತುಂಬ್ಕೊಂಡ ಗಾಳಿನೇ ಮೂತಿ ಎತ್ತುತ್ತಿತ್ತು ಮಹರಾಯ,” ಎಂದು ನಕ್ಕವಳು ಕಣ್ಣೊರೆಸಿಕೊಂಡಳು.

ಆ ಕೆಂಪು ನೂಲು ಮತ್ತೆ ಸಿಗಲಿಲ್ಲ. ತೋಳನ್ನು ಹಸಿರಿನಲ್ಲಿ ಹೆಣೆದುಕೊಟ್ಟೆ. ಆ ಕಿಂಡಿಯ ಬಗ್ಗೆ ಯಾರಾದರೂ ಕೇಳಿದರೆ ಈಗಲೂ ಆ ತೋಳನ್ನೇ ಮುಂದೆ ಚಾಚಿ, ತಾನು ಮೊದಲು ಎಲ್ಲಿ ತಪ್ಪಾಗಿ ಕೊರೆದೆ ಎಂಬಲ್ಲಿಂದಲೇ ಕತೆ ಶುರುಮಾಡುತ್ತಾಳೆ.