ಆಧಾರ್ ಕಾರ್ಡಿನ ಮೂವತ್ಮೂರು

"ವಯಸ್ಸೆಷ್ಟ್ರಿ?" ಎಂದು ಡಾಕ್ಟರ್ ಮೇಡಂ ಕೇಳಿದ್ದು ನನ್ನನ್ನು. ಉತ್ತರ ಕೊಟ್ಟವರು ಅತ್ತೆ: "ಮೂವತ್ಮೂರ್ರಿ. ಆಧಾರ್ ಕಾರ್ಡಿನ್ಯಾಗೂ ಹಂಗ ಐತ್ರಿ." ನಾನು ಸೆರಗಿನ ತುದಿ ಹಿಂಡಿದೆ.

ನನಗೆ ಮೂವತ್ತೊಂಬತ್ತು. ಇಂಗಳೇಶ್ವರದ ತವರಿನಲ್ಲಿ ಗಂಡು ಗೊತ್ತಾಗದೆ ಇಪ್ಪತ್ತೇಳು ತುಂಬಿದಾಗ ಸೋದರಮಾವ ದೇವರ ಹಿಪ್ಪರಗಿಯ ಸಂಬಂಧ ತಂದ. ಹುಡುಗನಿಗೆ ಇಪ್ಪತ್ತೈದು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರಲ್ಲ, ಮಾವ ಒಂದೇ ಹೇಳಿದ: ಹುಡುಗಿಗೆ ಇಪ್ಪತ್ತೊಂದು. ಕಡ್ಡಿಯ ಹಾಗಿದ್ದೆ, ನಂಬಿದರು. ಮುಂದೆ ಆಧಾರ್ ಮಾಡಿಸುವಾಗ ಅತ್ತೆಯೇ ಮುಂದೆ ನಿಂತು ಆ ಲೆಕ್ಕದಲ್ಲೇ ನನ್ನ ಹುಟ್ಟಿದ ವರ್ಷ ಬರೆಸಿದರು. ಸುಳ್ಳಿಗೆ ಸರ್ಕಾರದ ಮುದ್ರೆಯೂ ಬಿತ್ತು. ಗಂಡನಿಗೂ ನಿಜ ಹೇಳಲಿಲ್ಲ. ಧೈರ್ಯ ಎಲ್ಲಿಂದ ತರಲಿ?

ಹನ್ನೆರಡು ವರ್ಷದಲ್ಲಿ ಎರಡು ಸಲ ಬಸುರು ಇಳಿದುಹೋಗಿತ್ತು. ಇದು ಮೂರನೆಯದು. ಸಿಂದಗಿಯ ಆಸ್ಪತ್ರೆಯಲ್ಲಿ ಮೇಡಂ ಹೊಟ್ಟೆ ಮುಟ್ಟಿ ನೋಡಿ, "ಎಲ್ಲಾ ಛಲೋ ಐತಿ, ತಿಂಗಳ ಬಿಟ್ಟು ಬರ್ರಿ" ಎಂದರು. ಪಕ್ಕದ ಸ್ಟೂಲಿನ ಮೇಲಿದ್ದವಳಿಗೂ ನನ್ನಷ್ಟೇ ತಿಂಗಳು, ವಯಸ್ಸು ಮೂವತ್ತೆಂಟು. ಅವಳಿಗೆ ಹೇಳಿದ್ದೇ ಬೇರೆ: "ಮೂವತ್ತೈದು ದಾಟೈತ್ರಿ. ಕೂಸಿಗೆ ಏನರ ದೋಷ ಇದ್ರ ತಿಳೀಲಿ, ಈ ರಕ್ತ ಪರೀಕ್ಷೆ ಮಾಡಸ್ರಿ. ನಿಮ್ಮ ತಿಂಗಳ ಲೆಕ್ಕಕ್ಕ ಇದ ಕಡೀ ವಾರ."

ಆ ಪರೀಕ್ಷೆ ನನಗೂ ಬೇಕಿತ್ತು. ಆದರೂ ಬಾಯಿ ಬಿಡಲಿಲ್ಲ, ಹೇಡಿ ನಾನು. ಅತ್ತೆಯ ಹಿಂದೆ ನಡೆದು ಹೋಗಿ ಬಸ್ ಹತ್ತಿದೆ.

ಬಸ್ಸಿನಲ್ಲಿ ಅತ್ತೆ ಶೇಂಗಾ ಪೊಟ್ಟಣ ಬಿಚ್ಚಿ, "ತಿನ್ನವಾ, ಕೂಸಿಗೆ ಶಕ್ತಿ ಬರ್ತೈತಿ" ಎಂದರು. ಕಾಳುಗಳನ್ನು ಸೆರಗಿಗೆ ಕಟ್ಟಿಕೊಂಡೆ. ಹೇಳಿದರೆ ಮನೆ ಬಿಡಿಸುತ್ತಾರೆ, ಹೇಳದಿದ್ದರೆ ಒಳಗಿನ ಕೂಸಿನ ಗತಿ ಏನೋ. ಮಾವಾ, ನಿನ್ನ ನಾಲಿಗೆಗೆ ಬೆಂಕಿ ಬೀಳಲಿ ಎಂದು ಸತ್ತುಹೋದ ಸೋದರಮಾವನನ್ನು ಶಪಿಸಿದೆ. ಇನ್ನೊಂದು ಕಳೆದುಕೊಂಡರೆ ನಾನು ಬದುಕುವುದಿಲ್ಲ ಅನ್ನಿಸಿತು. ಕಂಡಕ್ಟರ್ ಸೀಟಿ ಊದಿದ. "ತಡೀರಿ!" ಎಂದು ಕೂಗಿ ಇಳಿದೇಬಿಟ್ಟೆ.

"ಏ, ಎಲ್ಲಿಗೆ ಹೊಂಟಿ? ತಲಿ ಕೆಟ್ಟೈತೇನು?" ಅತ್ತೆ ಹಿಂದಿನಿಂದ ಒದರುತ್ತಲೇ ಬಂದರು. ನಾನು ತಿರುಗಿ ನೋಡದೆ ನೇರ ಆಸ್ಪತ್ರೆಗೆ ನಡೆದೆ.

"ಮೇಡಂ, ನನಗ ಮೂವತ್ತೊಂಬತ್ರಿ. ಆಧಾರ್ ಸುಳ್ಳೈತ್ರಿ. ನನ್ನ ರಕ್ತಾನೂ ತಗೋರಿ, ಕೈ ಮುಗೀತೇನಿ."

"ಕೂಸಿನ ಜೀವದ ಜೋಡಿ ಆಟ ಆಡ್ತೀರೇನ್ರಿ?" ಎಂದು ಮೇಡಂ ಸಿಡುಕಿ, ಚೀಟಿಯ ಮೇಲಿನ ವಯಸ್ಸು ಹೊಡೆದುಹಾಕಿ ನರ್ಸನ್ನು ಕರೆದರು.

ಅತ್ತೆ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಅಂದ್ರ... ನನ್ನ ಮಗನಕಿಂತ ನೀನ ದೊಡ್ಡಾಕಿ?"

"ಹೌದ್ರಿ ಅತ್ತಿ. ನಾಳಿ ಮನಿ ಬಿಟ್ಟು ಹೋಗು ಅಂದ್ರ ಹೋಗ್ತೇನಿ. ಇವತ್ತ ರಕ್ತ ಕೊಡಾಕ ಬಿಡ್ರಿ" ಎಂದು ತೋಳನ್ನು ನರ್ಸಿನ ಮುಂದೆ ಚಾಚಿದೆ.