ಬೇಡವೇ ಎಂದರೆ ಹೌದು

ದಾನಗಳಲ್ಲೆಲ್ಲ ವಿದ್ಯಾದಾನವೇ ದೊಡ್ಡದು. ಅನ್ನ ಬಡಿಸಿದರೆ ಪಾತ್ರೆ ಬರಿದಾಗುತ್ತದೆ, ವಿದ್ಯೆಯೋ ಕೊಟ್ಟಷ್ಟೂ ಹೆಚ್ಚುತ್ತದೆ ಎಂದು ನಮ್ಮ ಹಿರಿಯರು ಹೇಳಿಹೋಗಿದ್ದಾರೆ. ತಪ್ಪು ವಿದ್ಯೆಯೂ ಅಷ್ಟೇ ಧಾರಾಳವಾಗಿ ಹೆಚ್ಚುತ್ತದೆ ಎಂದು ಸೇರಿಸುವುದನ್ನು ಮಾತ್ರ ಮರೆತರು. ಅವರ ಕಾಲದಲ್ಲಿ ವಾಟ್ಸ್‌ಆ್ಯಪ್ ಇರಲಿಲ್ಲ, ಕ್ಷಮಿಸೋಣ.

ನಾನು ಕುವೈತಿನ ಒಂದು ಭಾರತೀಯ ಶಾಲೆಯಲ್ಲಿ ಇಂಗ್ಲಿಷ್ ಮಾಸ್ಟ್ರು. ವಾಸ ರಿಗ್ಗೈಯಲ್ಲಿ. ಮನೆಮಾತು ತುಳು, ಕಲಿತದ್ದು ಕನ್ನಡದಲ್ಲಿ, ಅನ್ನ ಹಾಕುತ್ತಿರುವುದು ಇಂಗ್ಲಿಷು. ಕೊರಿಯಾದ ಮಕ್ಕಳಿಗೆ ಪಾಠ ಹೇಳುವ ಯೋಗ ನನ್ನ ಜಾತಕದಲ್ಲಿ ಇರಲಿಲ್ಲ. ಅದನ್ನು ತಂದು ಹಾಕಿದವರು ನಮ್ಮ ಶಾಲೆಯ ಇನ್ನೊಬ್ಬ ಇಂಗ್ಲಿಷ್ ಟೀಚರು. ಮಂಗಳೂರಿನ ಕಡೆಯ ಕೊಂಕಣಿ ಕ್ರಿಶ್ಚಿಯನ್ನರು, ಮಹಬೂಲಾದ ಎತ್ತರದ ಕಟ್ಟಡವೊಂದರಲ್ಲಿ ಇರುವವರು. ಅದೇ ಕಟ್ಟಡದಲ್ಲಿ ಪೆಟ್ರೋಲಿಯಂ ಪ್ರಾಜೆಕ್ಟಿಗೆ ಬಂದ ಕೊರಿಯಾದ ಎಂಜಿನಿಯರರ ಕುಟುಂಬಗಳು ಕೆಲವಿದ್ದವು. ಲಿಫ್ಟಿನಲ್ಲಿ ನಮಸ್ಕಾರದಿಂದ ಶುರುವಾದದ್ದು ಟೀಚರ ಊಟದ ಮೇಜಿನ ಸುತ್ತ ನಾಲ್ಕು ಹದಿಹರೆಯದ ಮಕ್ಕಳು ಕೂರುವಲ್ಲಿಗೆ ಮುಟ್ಟಿತು.

"ಮಾತಾಡ್ಸುದು ನಾನು, ಗ್ರಾಮರ್ ನೀವು" ಎಂದು ಟೀಚರು ನನ್ನನ್ನು ಕರೆದರು. "ಆದ್ರೆ ಒಂದು ಸಮಸ್ಯೆ ಉಂಟು ಮಾಸ್ಟ್ರೇ. ಇಷ್ಟು ಚಂದದ ಮಕ್ಕಳು, ನಾನು ಎಂತ ಹೇಳಿದ್ರೂ 'ನೇ, ನೇ' ಅಂತಾವೆ. ಪುಸ್ತಕ ತೆಗೀರಿ ಅಂದ್ರೆ ನೇ. ಜ್ಯೂಸ್ ಕುಡೀರಿ ಅಂದ್ರೂ ನೇ. ಎಲ್ಲದಕ್ಕೂ ಇಲ್ಲ ಅಂದ್ರೆ ಹೇಗೆ?"

ಕೊಂಕಣಿಯಲ್ಲಿ 'ನಾ' ಎಂದರೆ ಇಲ್ಲ. ಕೊರಿಯಾದ ಭಾಷೆಯಲ್ಲಿ 'ನೇ' ಎಂದರೆ ಹೌದು. ಇದು ತಿಳಿಯುವಷ್ಟರಲ್ಲಿ ಟೀಚರು ಒಂದು ವಾರ ಆ ಮಕ್ಕಳಿಗೆ ಜ್ಯೂಸ್ ಕೊಟ್ಟಿರಲಿಲ್ಲ.

ನಾಲ್ವರಲ್ಲಿ ಮೂವರಿಗೆ ಇಂಗ್ಲಿಷು ಸಂಜೆಯ ಕಾಲಕ್ಷೇಪ. ಒಬ್ಬಳಿಗೆ ಮಾತ್ರ ಹಾಗಲ್ಲ. ಹದಿನೈದರ ಹುಡುಗಿ, ಏನು ಕೊಟ್ಟರೂ ಎರಡೂ ಕೈಯಿಂದ ತೆಗೆದುಕೊಳ್ಳುವವಳು, ಪೆನ್ಸಿಲ್ ಚೂರನ್ನು ಕೂಡ. ಅವಳ ತಂದೆಯ ಕೆಲಸದ ಅವಧಿ ಮತ್ತೆ ಕೆಲವು ವರ್ಷಕ್ಕೆ ಮುಂದುವರಿದಿತ್ತು. ಅವಳಿಗೆ ಇಲ್ಲಿನ ಒಂದು ಬ್ರಿಟಿಷ್ ಮಾದರಿಯ ಶಾಲೆಯಲ್ಲಿ ಸೀಟು ಸಿಕ್ಕಿದರೆ ಎಲ್ಲರೂ ಇಲ್ಲೇ. ಸಿಗದಿದ್ದರೆ ತಾಯಿ ಮಗಳು ವಾಪಸ್, ತಂದೆ ಒಬ್ಬರೇ ಇಲ್ಲಿ. ಮನೆಯ ತೀರ್ಮಾನ ಅಷ್ಟು ಸರಳ. ಅವಳು ಅದನ್ನು ನನಗೆ ಮೊದಲ ದಿನವೇ ತನ್ನ ಮುರುಕು ಇಂಗ್ಲಿಷಿನಲ್ಲಿ ಹೇಳಿದಳು. ಕೊನೆಗೆ ಒಂದು ಮಾತು ಸೇರಿಸಿದಳು: "ಅಪ್ಪಾ ಅಲೋನ್, ನಾಟ್ ಗುಡ್."

ನಾನು ಬೆಚ್ಚಿದೆ. ಅವರ ಭಾಷೆಯಲ್ಲೂ ಅಪ್ಪ ಎಂದರೆ ಅಪ್ಪನೇ ಎಂದು ಆಗ ತಿಳಿಯಿತು. ವಿಚಾರಿಸುತ್ತಾ ಹೋದರೆ ವಾಕ್ಯದ ಕಟ್ಟಡವೂ ನಮ್ಮದೇ. ಕ್ರಿಯಾಪದ ನಮ್ಮಲ್ಲಿಯ ಹಾಗೆ ಕೊನೆಯಲ್ಲಿ ನೆಂಟರ ಹಿಂದೆ ನಾಚಿ ನಿಂತಿರುತ್ತದೆ. ಅಂದು ಬಸ್ಸಿನಲ್ಲಿ ಮರಳುವಾಗ ನಾನು ಒಂದು ಮಹಾ ಸಿದ್ಧಾಂತ ಕಟ್ಟಿದೆ: ಕೊರಿಯಾದವರೂ ನಾವೂ ಯಾವುದೋ ಕಾಲದ ದಾಯಾದಿಗಳು, ಆದ್ದರಿಂದ ಈ ಮಕ್ಕಳಿಗೆ ಇಂಗ್ಲಿಷ್ ಕಲಿಸಲು ಇಂಗ್ಲಿಷರಿಗಿಂತ ನಾವೇ ಯೋಗ್ಯರು. ಹೆಂಡತಿಗೆ ಹೇಳಿದೆ. "ಹೌದೌದು, ಕುಡೀಲಿಕ್ಕೆ ಬೊಂಡ ಕೊಟ್ಟು ಸಂಬಂಧ ಮಾತಾಡಿ" ಎಂದಳು.

ಪಾಠ ಬೇಗ ಹತ್ತಲು ಆಟ ಬೇಕು ಎಂಬುದು ಟೀಚರ ಮತ. ಅವರದ್ದು ಹೌಸಿ; ಸಂಖ್ಯೆಯ ಬದಲು ಪದಗಳು. ನಾನೂ ಏನಾದರೂ ಕೊಡಬೇಕಲ್ಲ ಎಂದು ಕಪಾಟಿನ ಮೇಲಿದ್ದ ಚೆನ್ನೆಮಣೆಯನ್ನು ಇಳಿಸಿದೆ.

"ಆಟಿ ತಿಂಗಳಲ್ಲದೆ ಅದನ್ನು ಮುಟ್ಟಬಾರ್ದು ಅಂತ ಗೊತ್ತಿಲ್ವಾ ನಿಮಗೆ?" ಎಂದಳು ಹೆಂಡತಿ.

"ಹೌದು" ಎಂದೆ, ಅಂದರೆ ಗೊತ್ತಿಲ್ಲ ಎಂದು. "ಆಟಿಯ ಮಳೆಯೇ ಇಲ್ಲದ ದೇಶದಲ್ಲಿ ಆಟಿಯ ನಿಷೇಧ ಯಾಕೆ?"

ಆಟ ಹೀಗೆ. ಗುಳಿಗಳಲ್ಲಿ ಕೆಂಪು ಮಂಜೊಟ್ಟಿ ಬೀಜ. ಒಬ್ಬರು ಚೀಟಿ ಎತ್ತಿ ಅದರಲ್ಲಿರುವ ಇಂಗ್ಲಿಷ್ ಪ್ರಶ್ನೆ ಕೇಳಬೇಕು. ಎದುರಿನವರು ಯೋಚಿಸದೆ ತಟ್ಟನೆ ಯೆಸ್ ಅಥವಾ ನೋ ಎನ್ನಬೇಕು. ತಡವರಿಸಿದರೆ ಒಂದು ಬೀಜ ಹೋಯಿತು. ಸರಿಯೋ ತಪ್ಪೋ ತೀರ್ಪು ನನ್ನದು. ಚೀಟಿಗಳನ್ನು ಬರೆದವನೂ ನಾನೇ, ಬರೆಯುವಾಗ ನನ್ನ ಊರು ನನ್ನ ಕೈ ಹಿಡಿದಿತ್ತು. ನಾವು ಕರಾವಳಿಯವರು ಉಪಚಾರವನ್ನು ಇಲ್ಲ ಎಂಬಲ್ಲಿಂದಲೇ ಶುರುಮಾಡುವವರು: ಊಟ ಆಗ್ಲಿಲ್ವಾ? ಚಾ ಬೇಡ್ವಾ? ಕೂತ್ಕೊಳ್ಳುದಿಲ್ವಾ? ಆದ್ದರಿಂದ ನನ್ನ ಚೀಟಿಗಳೂ ಹಾಗೆಯೇ: 'ಯೂ ಡೋಂಟ್ ವಾಂಟ್ ಟೀ?' 'ಯೂ ಆರ್ ನಾಟ್ ಟೈರ್ಡ್?' 'ಯೂ ಡೋಂಟ್ ಲೈಕ್ ಫಿಶ್?'

ಬೇಡವಾದವರು "ಯೆಸ್" ಎಂದರು. ಯೆಸ್, ನೀವು ಹೇಳಿದ್ದು ಸರಿ, ಬೇಡ ಎಂದು. ನನಗೆ ಸರಿಯೆನಿಸಿತು. ಬೀಜ ಕೊಟ್ಟೆ. ಬೇಕಾದವರು "ನೋ" ಎಂದರು. ನೋ, ಹಾಗಲ್ಲ, ಬೇಕು ಎಂದು. ಅದೂ ಸರಿ. ಟೀಚರು ಅದರಂತೆಯೇ ಚಾ ಕೊಟ್ಟರು, ಒಂದು ಲೋಟವೂ ತಪ್ಪು ಕೈಗೆ ಹೋಗಲಿಲ್ಲ. ಮೂರು ಭಾಷೆಯವರು ಒಂದು ಮೇಜಿನ ಸುತ್ತ ಅಷ್ಟು ನಿರಾತಂಕವಾಗಿ ಇಂಗ್ಲಿಷಿನಲ್ಲಿ ಸಂವಾದಿಸಿದ್ದನ್ನು ನಾನು ನೋಡಿಲ್ಲ. ಹುಡುಗಿಯೇ ಹೆಚ್ಚಾಗಿ ಗೆಲ್ಲುತ್ತಿದ್ದಳು. ಉತ್ತರ ಮಿಂಚಿನ ಹಾಗೆ ಬರುತ್ತಿತ್ತು.

ಕೊರಿಯಾದ ಮಕ್ಕಳಿಗೆ ಕಲಿಸುವವರದ್ದೇ ಒಂದು ವಾಟ್ಸ್‌ಆ್ಯಪ್ ಗುಂಪು ಇತ್ತು. ಸಾಲ್ಮಿಯಾದಿಂದ ಫಾಹಾಹೀಲ್‌ವರೆಗಿನ ಟೀಚರುಗಳು ತಮ್ಮ ತಮ್ಮ ಪಾಠ, ಚಿತ್ರ, ಆಟಗಳನ್ನು ಅದರಲ್ಲಿ ಹಂಚಿಕೊಳ್ಳುತ್ತಿದ್ದರು. ನನ್ನ ಚೀಟಿಗಳನ್ನೂ ಹಾಕಿದೆವು. ಚೆನ್ನೆಮಣೆ ಇಲ್ಲದವರು ಮೊಟ್ಟೆಯ ಟ್ರೇ ಬಳಸಬಹುದು ಎಂಬ ಟಿಪ್ಪಣಿಯನ್ನು ನಾನೇ ಗಂಭೀರವಾಗಿ ಬರೆದೆ. ಹೆಬ್ಬೆರಳುಗಳೂ ಹೂಗಳೂ ಮಳೆಗರೆದವು. ಉತ್ಸಾಹದಲ್ಲಿ ಟೀಚರು ಆಟದ ಒಂದು ವಿಡಿಯೊವನ್ನೂ ಹಾಕಿದರು.

ಅದಕ್ಕೆ ಗುಂಪಿನ ಒಬ್ಬರು ಬಹಳ ಮೃದುವಾಗಿ ಉತ್ತರಿಸಿದ್ದರು: ಆಟ ಚೆನ್ನಾಗಿದೆ, ಆದರೆ ಮಕ್ಕಳೆಲ್ಲ ಯೆಸ್ ನೋ ತಿರುಗಾಮುರುಗಾ ಹೇಳುತ್ತಿದ್ದಾರಲ್ಲ?

ಹಾಗೇನೂ ಇಲ್ಲ, ಉತ್ತರಗಳೆಲ್ಲ ಸರಿಯಾಗಿವೆ, ಆದರೂ ತಮ್ಮ ಕಾಳಜಿಗೆ ಧನ್ಯವಾದ ಎಂದು ನಾನು ಬರೆದೆ. ಆಮೇಲೆ ಟೀಚರ ಫೋನು ಬಂತು.

"ಮಾಸ್ಟ್ರೇ, ಅದನ್ನು ಡಿಲೀಟ್ ಮಾಡಿ."

"ಯಾವುದನ್ನು?"

"ನಿಮ್ಮ ಧನ್ಯವಾದವನ್ನು. ಅವರು ಹೇಳಿದ್ದು ಸರಿ ಮಾರಾಯ್ರೇ. ಚಾ ಬೇಡದಿದ್ರೆ 'ನೋ' ಹೇಳ್ಬೇಕು. ಪ್ರಶ್ನೆ ಹೇಗೇ ಇರ್ಲಿ."

ನನಗೆ ಆ ನಿಯಮ ಗೊತ್ತಿರಲಿಲ್ಲವೆಂದು ಭಾವಿಸಬೇಡಿ. ಒಂಬತ್ತನೆಯ ತರಗತಿಗೆ ಪ್ರತಿವರ್ಷ ಬೋರ್ಡಿನ ಮೇಲೆ ಬರೆದು, ಅಡಿಗೆರೆ ಎಳೆದು ಕಲಿಸುತ್ತೇನೆ. ಆದರೆ ಬೋರ್ಡಿನ ಇಂಗ್ಲಿಷು ಬೇರೆ, ಚಾದ ಇಂಗ್ಲಿಷು ಬೇರೆ. ಚಾ ಬೇಡವೇ ಎಂದು ಕೇಳಿದಾಗ ಉತ್ತರಿಸುವುದು ವ್ಯಾಕರಣವಲ್ಲ, ಅಜ್ಜಿ. ಕೊರಿಯಾದ ಅಜ್ಜಿಯೂ ನಮ್ಮ ಅಜ್ಜಿಯೂ ಈ ವಿಷಯದಲ್ಲಿ ಒಂದೇ ಎಂದು ನನ್ನ ದಾಯಾದಿ ಸಿದ್ಧಾಂತಕ್ಕೆ ಇನ್ನೊಂದು ಪುರಾವೆ ಸಿಕ್ಕಿತು. ಸಂತೋಷಪಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಶಾಲೆಯ ಸೀಟಿಗಾಗಿ ಹುಡುಗಿಯ ಸಂದರ್ಶನ ಮುಂದಿನ ವಾರ ಇತ್ತು.

ಚೀಟಿಗಳನ್ನು ಹಿಂದಕ್ಕೆ ಪಡೆಯಲು ನೋಡಿದೆ. ಆ ಹೊತ್ತು ಮೀರಿತ್ತು. ತಿದ್ದುಪಡಿ ಹಾಕಿದೆ, ಅದಕ್ಕೂ ಹೂಗಳು ಬಂದವು, ಯಾರೂ ಓದಿರಲಿಲ್ಲ. ಎರಡು ದಿನಕ್ಕೆ ನನ್ನ ಆಟವೇ ಬಣ್ಣದ ಚಿತ್ರ, ನಗುವ ಮೊಟ್ಟೆ, ಉತ್ತರಪತ್ರಿಕೆ ಸಮೇತ ಬೇರೆ ಯಾವುದೋ ಗುಂಪಿನಿಂದ ನನಗೇ ಮರಳಿ ಬಂತು, 'ತಪ್ಪದೆ ಬಳಸಿ' ಎಂಬ ಶಿಫಾರಸಿನೊಂದಿಗೆ.

ಊಟದ ಮೇಜಿನಲ್ಲಿ ತಿದ್ದುವ ಕೆಲಸ ಇನ್ನೂ ಕಷ್ಟವಾಯಿತು. ಪ್ರಶ್ನೆಯನ್ನು ಮರೆತುಬಿಡು, ನಿಜವನ್ನು ಮಾತ್ರ ನೋಡು, ಬೇಕಾದರೆ ಯೆಸ್, ಬೇಡವಾದರೆ ನೋ ಎಂದು ವಿವರಿಸಿದೆ. ಹುಡುಗಿ ತಲೆಯಾಡಿಸಿದಳು. "ನೇ." ಉದಾಹರಣೆಗೆ ನನ್ನನ್ನೇ ಕೇಳು ಎಂದೆ.

"ಟೀಚರ್, ಯೂ ಆರ್ ನಾಟ್ ಟೈರ್ಡ್?" ಎಂದು ಹುಡುಗಿ ಕೇಳಿದಳು.

"ಯೆಸ್" ಎಂದೆ ನಾನು, ಉತ್ಸಾಹದಿಂದ.

ಅವಳು ಅಂಗೈಯಿಂದ ಬಾಯಿ ಮುಚ್ಚಿ ನಕ್ಕಳು. ಟೀಚರು ಅಡುಗೆಮನೆಯಿಂದಲೇ ಕೂಗಿದರು: "ಮಾಸ್ಟ್ರೇ, ಇಂಟರ್‌ವ್ಯೂಗೆ ಮೊದ್ಲು ನಿಮ್ಮನ್ನು ಕಳಿಸುವಾ. ನೀವು ಪಾಸಾದ್ರೆ ಅವಳನ್ನು ಕಳಿಸುವಾ."

ನಗು ಅಲ್ಲಿಗೇ ಮುಗಿಯಿತು. ಮೊದಲು ಮಿಂಚಿನ ಹಾಗೆ ಉತ್ತರಿಸುತ್ತಿದ್ದವಳು ಈಗ ಪ್ರತಿ ಪ್ರಶ್ನೆಗೂ ಬಾಯಿ ತೆರೆದು ಮುಚ್ಚತೊಡಗಿದಳು. ಒಳಗೆ ಏನೋ ಲೆಕ್ಕ ನಡೆಯುವುದು ಮುಖದಲ್ಲಿ ಕಾಣುತ್ತಿತ್ತು. 'ಯೂ ಲೈಕ್ ಕುವೈತ್?' ಎಂಬ ಸರಳ ಪ್ರಶ್ನೆಗೂ ಹೆದರಿ ನನ್ನ ಮುಖ ನೋಡುತ್ತಿದ್ದಳು. ನಾನು ಟೀಚರ ಮುಖ ನೋಡುತ್ತಿದ್ದೆ. ಟೀಚರು ಗೋಡೆಯ ಮೇಲಿನ ಏಸುವಿನ ಮುಖ ನೋಡುತ್ತಿದ್ದರು.

ಕೊನೆಗೆ ಟೀಚರೇ ಉಪಾಯ ಹೇಳಿದರು. ಯೆಸ್ಸೂ ಬೇಡ, ನೋವೂ ಬೇಡ. ಇಡೀ ವಾಕ್ಯ ಹೇಳು. ಐ ವಾಂಟ್. ಐ ಡೋಂಟ್ ವಾಂಟ್. ಇದು ಫಲಿಸಿತು. ಸಂದರ್ಶನದ ಹಿಂದಿನ ಸಂಜೆ ಅವಳು ನಮ್ಮ ಎಲ್ಲ ಪ್ರಶ್ನೆಗಳಿಗೂ ಇಡೀ ವಾಕ್ಯದಲ್ಲೇ ಉತ್ತರಿಸಿದಳು. ಹೊರಡುವಾಗ ಬಾಗಿಲಲ್ಲಿ ಸೊಂಟದವರೆಗೆ ಬಗ್ಗಿ ನಮಸ್ಕರಿಸಿದಳು. ಟೀಚರು ಅವಳ ಹಣೆಗೆ ಹೆಬ್ಬೆರಳಿನಿಂದ ಶಿಲುಬೆ ಗುರುತು ಹಾಕಿದರು. ನಾನು ಅಂಥದ್ದೇನೂ ಕೊಡಲು ತೋಚದೆ "ಆಲ್ ದಿ ಬೆಸ್ಟ್" ಎಂದೆ.

ಮಾರನೆಯ ದಿನ ಅವಳು ಜಿಗಿಯುತ್ತಲೇ ಬಂದಳು. ಅಪ್ಪನೂ ಜೊತೆಗಿದ್ದರು, ಒಂದು ದೊಡ್ಡ ಪೇರ್ ಹಣ್ಣಿನ ಪೆಟ್ಟಿಗೆಯನ್ನು ಎರಡೂ ಕೈಯಿಂದ ಟೀಚರಿಗೆ ಕೊಟ್ಟರು. ಸಂದರ್ಶನಕ್ಕೆ ಅವರೂ ಒಳಗೆ ಕೂತಿದ್ದರಂತೆ. ಅವರ ಇಂಗ್ಲಿಷು ವಾಲ್ವು, ಪೈಪುಗಳ ಮಟ್ಟಿಗೆ ನಿರ್ದುಷ್ಟ. ಅದರಾಚೆಗೆ ಮಗಳ ಮುಖ ನೋಡಿ ತಿಳಿದುಕೊಳ್ಳುವಂಥದ್ದು. ಹುಡುಗಿ ಪ್ರಶ್ನೆಗಳನ್ನೂ ಉತ್ತರಗಳನ್ನೂ ಪಾಠ ಒಪ್ಪಿಸುವಂತೆ ಹೇಳತೊಡಗಿದಳು. ಎಲ್ಲಕ್ಕೂ ಇಡೀ ವಾಕ್ಯ. ಹೆಡ್‌ಮಿಸ್ ಒಳ್ಳೆಯವರಂತೆ, ನಗುತ್ತಲೇ ಕೇಳಿದರಂತೆ. ಕೊನೆಗೆ ಪುಸ್ತಕ ಮುಚ್ಚಿ, ಪೆನ್ನು ಕೆಳಗಿಟ್ಟು, ಲೋಕಾಭಿರಾಮವಾಗಿ ಒಂದು ಮಾತು ಕೇಳಿದರಂತೆ: "ಸೋ, ಯೂ ಡೋಂಟ್ ವಾಂಟ್ ಟು ಗೋ ಬ್ಯಾಕ್ ಟು ಕೊರಿಯಾ?"

"ಆ್ಯಂಡ್ ಐ ಸೇ, ಯೆಸ್!" ಎಂದಳು ಹುಡುಗಿ. "ವೆರಿ ಫಾಸ್ಟ್! ಶೀ ಆಸ್ಕ್ ಅಗೈನ್, ಯೆಸ್? ಐ ಸೇ, ಯೆಸ್, ಯೆಸ್! ಅಪ್ಪಾ ಆಲ್ಸೋ ಸೇ ಯೆಸ್!"

ಅಪ್ಪ ಪಕ್ಕದಲ್ಲಿ ಸಂತೋಷದಿಂದ ತಲೆಯಾಡಿಸಿದರು.

ನಿಜ ಹೇಳಬೇಕೆಂದರೆ, ಕೇಳಿದಾಗ ನನಗೂ ಅದು ಒಳ್ಳೆಯ ಉತ್ತರವೆಂದೇ ಅನಿಸಿತು. ಭೇಷ್ ಎನ್ನಲು ಬಾಯಿ ತೆರೆದಿದ್ದೆ. ಟೀಚರು ಹಣ್ಣಿನ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟ ರೀತಿ ನೋಡಿ ಬಾಯಿ ಮುಚ್ಚಿದೆ.

ಅವರಿಗೆ ಅಂದು ನಾವು ಏನೂ ಹೇಳಲಿಲ್ಲ. ಬಾಗಿಲು ಹಾಕಿದ ಮೇಲೆ ಟೀಚರು ಕೇಳಿದರು, "ಇಂಗ್ಲಿಷಲ್ಲಿ ಅದು ವಾಪಸ್ ಹೋಗ್ಬೇಕು ಅಂತ ಆಯ್ತಲ್ಲ. ಈಗ ಎಂತ ಮಾಡುದು?"

"ಶಾಲೆಗೆ ಬರೆಯುತ್ತೇನೆ."

"ಎಂತ ಅಂತ? ಅವಳ ಯೆಸ್ ಅಂದ್ರೆ ನೋ ಅಂತಲಾ? ಮತ್ತೆ ಬಾಕಿ ಉತ್ತರಗಳನ್ನು ಯಾರು ನಂಬ್ತಾರೆ?"

ಆದರೂ ಬರೆದೆ. ಏಷ್ಯಾದ ಕೆಲವು ಭಾಷೆಗಳಲ್ಲಿ ಉತ್ತರವು ಸಂಗತಿಗಲ್ಲ, ಕೇಳಿದವರ ಮಾತಿಗೆ ಒಪ್ಪಿಗೆ ಸೂಚಿಸುತ್ತದೆ ಎಂದು ಸೋದಾಹರಣವಾಗಿ ದೀರ್ಘ ಮೇಲ್. ನಾನು ಬರೆದ ಅತ್ಯುತ್ತಮ ಇಂಗ್ಲಿಷ್ ಗದ್ಯ ಅದೇ ಇರಬೇಕು. ನಿಮ್ಮ ಮೇಲ್ ತಲುಪಿದೆ ಎಂದು ಯಂತ್ರವೊಂದು ಉತ್ತರಿಸಿತು. ಎರಡು ದಿನ ಕಾದು, ಹೆಡ್‌ಮಿಸ್ಸರನ್ನೇ ಕಾಣೋಣವೆಂದು ಶಾಲೆಗೆ ಫೋನು ಮಾಡಿದೆ.

"ಯೂ ಡೋಂಟ್ ಹ್ಯಾವ್ ಆ್ಯನ್ ಅಪಾಯಿಂಟ್‌ಮೆಂಟ್, ಸರ್?" ಎಂದಿತು ಆ ಕಡೆಯ ಹೆಣ್ಣುದನಿ.

"ಯೆಸ್" ಎಂದೆ.

"ವೆರಿ ಗುಡ್ ಸರ್. ಎಷ್ಟು ಗಂಟೆಗೆ?"

ನಾನು ಗಂಟೆ ಹೇಳಲಾರದೆ ತಡವರಿಸಿದೆ. ಅಪಾಯಿಂಟ್‌ಮೆಂಟ್ ಇದೆಯೆಂದು ಸುಳ್ಳು ಹೇಳಿದವನ ಜೊತೆ ಮಾತಾಡುವ ದನಿಯಲ್ಲಿ ಆಕೆ, ಪ್ರವೇಶದ ವಿಷಯ ತಂದೆತಾಯಿಯ ಜೊತೆ ಮಾತ್ರ ಮಾತಾಡುತ್ತೇವೆ ಎಂದು ತಿಳಿಸಿ ಫೋನಿಟ್ಟಳು. ಆಗ ಟೀಚರು ಕೆಳಗಿಳಿದು ಹೋಗಿ ಹುಡುಗಿಯ ಅಪ್ಪನಿಗೆ ಎಲ್ಲ ಹೇಳಿದರು. ಅವರು ತಾವೇ ಶಾಲೆಗೆ ಫೋನು ಮಾಡುವುದಾಗಿ ಹೇಳಿದರಂತೆ. ಮಾಡಿದರೂ ಕೂಡ. ಏನು ಮಾತಾಡಿದರು ಎಂದು ಕೇಳುವ ಧೈರ್ಯ ನಮ್ಮಿಬ್ಬರಿಗೂ ಆಗಲಿಲ್ಲ.

ಮರುವಾರ ಅವರಿಗೆ ಶಾಲೆಯ ಮೇಲ್ ಬಂತು. ತಂದೆಯವರು ಫೋನಿನಲ್ಲೂ ಖಚಿತಪಡಿಸಿದಂತೆ, ಸ್ವದೇಶದಲ್ಲೇ ಓದು ಮುಂದುವರಿಸುವ ವಿದ್ಯಾರ್ಥಿನಿಯ ಇಚ್ಛೆಯನ್ನು ಗೌರವಿಸಿ ಸೀಟನ್ನು ಕಾಯುತ್ತಿದ್ದ ಬೇರೊಬ್ಬರಿಗೆ ಕೊಡಲಾಗಿದೆ ಎಂದಿತ್ತು. ಬೇಸಿಗೆಯ ರಜೆಗೆ ಮೊದಲೇ ತಾಯಿಯೂ ಮಗಳೂ ಕೊರಿಯಾಕ್ಕೆ ಹೋದರು. ಅಪ್ಪ ಮಹಬೂಲಾದ ಅದೇ ಫ್ಲಾಟಿನಲ್ಲಿದ್ದಾರೆ.