ಸದ್ದಡಗಿಸಿ ಪಾಠ ನೋಡುವ ಸವೇತಾ

ನಾನು ಕೆಲಸಕ್ಕೆ ಸೇರಿದ ದಿನ ಸವೇತಾ ಕಿರಿಲಾ ತನ್ನ ಮೇಜಿನಿಂದ ತೋರುಬೆರಳೆತ್ತಿ ಗರಗರ ಸುತ್ತಿಸಿದಳು. ಕಾಫಿ ಕದಡಿ ತಾ ಎಂದಿರಬೇಕೆಂದು ತಂದಿಟ್ಟೆ. ಮತ್ತೆ ಸುತ್ತಿಸಿದಳು, ಮತ್ತೆ ತಂದೆ. ಮೂರನೆಯ ಲೋಟಕ್ಕೆ ತಿರುಗಿ ನೋಡಿದಳು.

“ಏನಪ್ಪಾ ಲಿವಿಯು, ನನ್ನ ಎದೆಬಡಿತ ನಿಲ್ಲಿಸ್ಬೇಕು ಅಂತಿದ್ದೀಯಾ?”

ಅದು ಸರಕು ಮೇಲೆತ್ತು ಎಂದು ಕ್ರೇನಿನವರಿಗೆ ಕೆಳಗಿನಿಂದ ತೋರಿಸುವ ಸನ್ನೆ. ಪರದೆಯ ಪಾಠದೊಂದಿಗೆ ತಾಳೆ ನೋಡುತ್ತಿದ್ದಳಷ್ಟೆ.

ಕಾನ್‌ಸ್ಟಾಂಟ್ಸಾ ಬಂದರಿನಲ್ಲಿ ಇಪ್ಪತ್ತೆರಡು ವರ್ಷ ಕ್ರೇನ್ ನಡೆಸಿದವಳು ಆಕೆ. ಈಗ ಆನ್‌ಲೈನಿನಲ್ಲಿ ಕ್ರೇನ್ ಕಲಿಸುವ ನಮ್ಮ ಕಂಪನಿಯಲ್ಲಿ ಪಾಠಗಳ ಪರೀಕ್ಷಕಿ. ಆಕೆ ಒಪ್ಪದೆ ಒಂದು ಪಾಠವೂ ಹೊರಹೋಗದು. ನೋಡುವುದು ಸದ್ದಡಗಿಸಿಯೇ. ಕ್ರೇನಿನ ಅಷ್ಟೆತ್ತರದಲ್ಲಿ ಕೂತವರಿಗೆ ಮಾತು ಕೇಳಿಸದು, ಕೈ ಮಾತ್ರ ಕಾಣುತ್ತದೆ ಎನ್ನುತ್ತಾಳೆ. ನಾನು ವೀಡಿಯೊ ಕತ್ತರಿಸಿ ಜೋಡಿಸುವವನು. ಸ್ಟೂಲ್ ಹತ್ತಿದರೂ ತಲೆಸುತ್ತು.

ಕಳೆದ ಶುಕ್ರವಾರ ಮಧ್ಯಾಹ್ನ ಮೂರೂವರೆ. ಸೋಮವಾರ ಅರವತ್ತು ಜನ ನೋಡಿ ಕಲಿಯಬೇಕಿದ್ದ ಪಾಠ ಪರದೆಯ ಮೇಲಿತ್ತು; ಕೋಟು ತೊಟ್ಟವನೊಬ್ಬ ಕೈಸನ್ನೆ ತೋರಿಸುತ್ತಿದ್ದ. ಮ್ಯಾನೇಜರ್ ಬುಜಾತು ಆಕೆಯ ಹಿಂದೆಯೇ ನಿಂತಿದ್ದ. ಸವೇತಾ ತಟ್ಟನೆ ಚಿತ್ರ ನಿಲ್ಲಿಸಿದಳು.

“ಇವನೇನು ಹೆಂಡ್ತಿ ಕೋಟು ಹಾಕ್ಕೊಂಡು ಬಂದಿದ್ದಾನಾ? ಗುಂಡಿ ಹೆಂಗಸರ ಕೋಟಿನ ಹಾಗೆ ಎಡಗಡೆಗಿದೆ ನೋಡಿ. ಚಿತ್ರ ಎಡಬಲ ಮಗುಚಿದೆ. ಬಲಕ್ಕೆ ತೋರಿಸ್ಬೇಕಾದ ಕೈ ಎಡಕ್ಕೆ ಹೋಗ್ತಿದೆ.”

ಕಂಪನಿಯ ಚಿಹ್ನೆಗೆ ಮೂಲೆಯಲ್ಲಿ ಜಾಗ ಸಿಗಲೆಂದು ಅದನ್ನು ಮಗುಚಿದ್ದು ನಾನೇ. ಅಂದವಾಗಿ ಕಂಡಿತ್ತು ಕೂಡ.

“ಬಲಕ್ಕೆ ಅಂತ ಬಾಯಲ್ಲಿ ಹೇಳಿದ್ದಾರಲ್ಲಮ್ಮ, ಸಾಕು. ಒಪ್ಪಿಗೆ ಒತ್ತಿ,” ಎಂದ ಬುಜಾತು.

“ಕೆಳಗೆ ಜನ ನಿಂತಿರ್ತಾರೆ, ಸರ್. ಅವರ ತಲೆ ಮೇಲೆ ಸರಕು ತಿರುಗುತ್ತೆ.”

“ನಾಲ್ಕಕ್ಕೆ ಇದು ಹೋಗ್ಲೇಬೇಕು.”

ಸವೇತಾ ಅವನ ಮುಖ ನೋಡುತ್ತಲೇ ಪಾಠವನ್ನು ವಾಪಸ್ ಕಳಿಸುವ ಗುಂಡಿ ಒತ್ತಿದಳು.

“ಸರಿ. ಯಾರು ಮಾಡಿದ್ದು ಅಂತ ವರದಿಯಲ್ಲಿ ಬರೀರಿ,” ಬುಜಾತು ಬಾಗಿಲ ಬಳಿ ಹೇಳಿದ. “ಹೆಸರಿಲ್ಲ ಅಂದ್ರೆ ಸೋಮವಾರದಿಂದ ನೀವು ಬರೋದು ಬೇಡ.”

ಆಕೆ ಕೈ ಕಟ್ಟಿ ಕೂತಳು. ನಾನು ನನ್ನ ಪರದೆಯಲ್ಲಿ ಏನೂ ಇಲ್ಲದ ಜಾಗವನ್ನು ಬಹಳ ಶ್ರದ್ಧೆಯಿಂದ ನೋಡಿದೆ. ಕೊನೆಗೆ, ಬುದ್ಧಿಗೆ ಬೇರೇನೂ ಹೊಳೆಯದೆ, ಕಾಫಿ ತಂದಿಟ್ಟೆ. ಆಕೆ ಬರೆಯತೊಡಗಿದ್ದಳು.

“ಅಕ್ಕಾ, ಯಾರ ಹೆಸರು ಬರೀತಿದ್ದೀರಾ?”

“ನಿಂದೇ. ನೀನೇ ಬಾಯಿ ಬಿಡ್ತೀಯೇನೋ ಅಂತ ಐದು ನಿಮಿಷ ಕಾದೆ.”